ಆಂಜಿನಪ್ಪನ ಬಲಗಿವಿ

ಹಬ್ಬಕ್ಕೆ ಬಂದ ಮಗ ಹಬ್ಬ ಮುಗಿದು ವಾರವಾದರೂ ಹೊರಡದಿದ್ದರೆ ಮನೆಯಲ್ಲಿ ಮೊದಲು ಹಿಗ್ಗುವವಳು ತಾಯಿ, ಮೊದಲು ಅನುಮಾನ ಪಡುವವಳು ಅತ್ತಿಗೆ. ಜಡಿಗೇನಹಳ್ಳಿಯ ಮುನಿವೆಂಕಟಪ್ಪನವರ ಮನೆಯಲ್ಲೂ ಹಾಗೇ ಆಯಿತು. ಅದು ಎಪ್ಪತ್ತೈದನೆಯ ಇಸವಿಯ ಸಂಕ್ರಾಂತಿ. ವಿಮಾನ ಓಡಿಸುವ ಎರಡನೆಯ ಮಗ ಆಂಜಿನಪ್ಪ ಹೆಂಡತಿ ಭಾಗ್ಯಳನ್ನು ಕರೆದುಕೊಂಡು ಹಬ್ಬದ ಹಿಂದಿನ ದಿನ ಬಂದ. ದನಗಳಿಗೆ ಕಿಚ್ಚು ಹಾಯಿಸಿದ್ದಾಯಿತು, ಕಣದಲ್ಲಿ ರಾಗಿತೆನೆಯ ಮೇಲೆ ಗುಂಡು ಉರುಳಿಸಿದ್ದಾಯಿತು, ಬಂದಿದ್ದ ನೆಂಟರೆಲ್ಲ ಬಸ್ಸು ಹತ್ತಿದ್ದಾಯಿತು. ಇವನು ಮಾತ್ರ ಹೊರಡುವ ಮಾತೇ ಎತ್ತಲಿಲ್ಲ.

"ಎಷ್ಟು ದಿನ ರಜೆಯಂತೆ ಭಾಗ್ಯ?" ಎಂದು ಓರಗಿತ್ತಿ ಅನುಸೂಯಮ್ಮ ಕೇಳಿದಳು. ಇಬ್ಬರೂ ನಡುಮನೆಯಲ್ಲಿ ಕೂತು ನೆನೆದ ಅವರೆಕಾಳು ಹಿದುಕುತ್ತಿದ್ದರು.

"ಬಾಕಿ ಇತ್ತಕ್ಕ. ಎಲ್ಲಾ ಒಟ್ಟಿಗೇ ತಗೊಂಡ್ರು."

"ನಮ್ಮನೆಯೋರಿಗೆ ಒಟ್ಟಿಗೂ ಇಲ್ಲ, ಬಿಡಿಯಾಗೂ ಇಲ್ಲ ನೋಡು. ಅದಕ್ಕೇ ಕೇಳ್ದೆ."

ಭಾಗ್ಯ ನಕ್ಕಳು. ಮಗಳನ್ನು ದೊಡ್ಡಬಳ್ಳಾಪುರದ ತವರುಮನೆಯಲ್ಲಿ ಶಾಲೆಗೆ ಬಿಟ್ಟು ಬಂದದ್ದಕ್ಕೆ ಒಂದು ಸುಳ್ಳು, ಬೆಂಗಳೂರಿನ ಕ್ವಾರ್ಟರ್ಸಿಗೆ ಬೀಗ ಹಾಕಿದ್ದಕ್ಕೆ ಇನ್ನೊಂದು ಸುಳ್ಳು, ಈಗ ರಜೆಗೆ ಮತ್ತೊಂದು. ಸುಳ್ಳು ಹೇಳುವಾಗ ನಗುವುದನ್ನು ಅವಳು ಈಚೆಗೆ ಚೆನ್ನಾಗಿ ಕಲಿತುಬಿಟ್ಟಿದ್ದಳು.

ನಿಜ ಸಂಗತಿ ಗಂಡಹೆಂಡಿರಿಬ್ಬರಿಗೆ ಮಾತ್ರ ಗೊತ್ತಿತ್ತು. ಆಂಜಿನಪ್ಪನಿಗೆ ಬಲಗಿವಿ ಕೇಳಿಸುತ್ತಿರಲಿಲ್ಲ. ಇದು ಇಂದು ನಿನ್ನೆಯದಲ್ಲ, ಅವನು ವಾಯುಪಡೆಯಲ್ಲಿದ್ದು ಲೇಹ್ ಕಡೆಗೆ ಸಾಮಾನು ಸಾಗಿಸುತ್ತಿದ್ದ ಕಾಲದ್ದು. ಚೀನಾ ಯುದ್ಧದ ಮರುವರ್ಷ ಕೆಟ್ಟ ನೆಗಡಿ ಇಟ್ಟುಕೊಂಡೇ ಹಾರಿ, ಅಷ್ಟೆತ್ತರದಿಂದ ಬಿರ್ರನೆ ಇಳಿಯುವಾಗ ಕಿವಿಯ ತಮಟೆ ಹರಿದುಹೋಯಿತು. ನೆಗಡಿಯಿದ್ದವನು ಹಾರಕೂಡದು ಎಂಬುದು ಅಲ್ಲಿಯ ಕಟ್ಟಳೆ. ಬೆಟ್ಟದ ಮೇಲೆ ಜವಾನರು ಹಿಟ್ಟಿಗೂ ಸೀಮೆಎಣ್ಣೆಗೂ ಕಾದು ಕೂತಿರುವಾಗ ಮೂಗು ಸೋರುತ್ತದೆಂದು ಮುಸುಕು ಹೊದ್ದು ಮಲಗಲು ಇವನಿಗೆ ಮನಸ್ಸಾಗಲಿಲ್ಲ. ಮಾಡಿದ್ದು ಒಳ್ಳೆಯ ಕೆಲಸವೇ. ಆದರೆ ಆಮೇಲೆ, ಹೇಳಿದರೆ ಹಾರಲು ಬಿಡುವುದಿಲ್ಲ ಎಂದು ಬಾಯಿ ಮುಚ್ಚಿಕೊಂಡನಲ್ಲ, ಅಲ್ಲಿಂದ ಶುರುವಾಯಿತು ಫಜೀತಿ.

ಪೈಲಟ್ಟುಗಳಿಗೆ ಆರು ತಿಂಗಳಿಗೊಮ್ಮೆ ದೇಹಪರೀಕ್ಷೆ. ಕಿವಿಯ ಸರದಿ ಬಂದಾಗ ಡಾಕ್ಟರು ಬೆನ್ನ ಹಿಂದೆ ದೂರ ನಿಂತು ಅಂಕಿಗಳನ್ನು ಪಿಸುಗುಟ್ಟುತ್ತಿದ್ದರು. ಕೇಳಿದ್ದನ್ನು ತಿರುಗಿ ಹೇಳಬೇಕು. ಎಡಗಿವಿ ಮುಚ್ಚಿಕೋ ಎಂದರೆ ಆಂಜಿನಪ್ಪ ಬೆರಳನ್ನು ಕಿವಿಯ ಬಾಯಿಗೆ ಸುಮ್ಮನೆ ತಾಗಿಸಿಕೊಂಡು, ಮುಚ್ಚಿದ ಹಾಗೆ ಮಾಡಿ, ಅದರಲ್ಲೇ ಕೇಳಿ ಹೇಳಿಬಿಡುತ್ತಿದ್ದ. ಹೀಗೇ ಪಾಕಿಸ್ತಾನದ ಎರಡು ಯುದ್ಧಗಳು ಕಳೆದವು, ಪಡೆಯ ಕೆಲಸ ಮುಗಿಯಿತು, ಪ್ರಯಾಣಿಕರ ವಿಮಾನದ ಕಂಪನಿಗೆ ಸೇರಿದ್ದೂ ಆಯಿತು. ಭಾಗ್ಯಳಿಗೆ ಗೊತ್ತಾದದ್ದು ಮದುವೆಯ ಹೊಸತರಲ್ಲಿ. ನಾಚಿಕೊಂಡು ಹೇಳಿದ ಒಂದು ಮಾತಿಗೆ ಗಂಡ ಉತ್ತರವನ್ನೇ ಕೊಡಲಿಲ್ಲವೆಂದು ಗೋಡೆಗೆ ಮುಖ ಮಾಡಿ ಅತ್ತಿದ್ದಳು. ಮಾತು ಹೇಳಿದ್ದು ಬಲಗಿವಿಗೆ ಎಂದು ಆಮೇಲೆ ತಿಳಿಯಿತು. ಅಂದಿನಿಂದ ಅವಳು ಅವನ ಎಡಗಡೆಯೇ ನಡೆಯುತ್ತಾಳೆ, ಎಡಗಡೆಯೇ ಕೂರುತ್ತಾಳೆ.

ಈ ಸಲ ಪಿಸುಮಾತಿನ ಬದಲು ಯಂತ್ರ ಬಂದಿತ್ತು. ಎರಡು ಕಿವಿಗೂ ಮುಚ್ಚಳ ಹಾಕಿ, ಒಂದೊಂದರಲ್ಲೇ ಕೂಗು ಬಿಟ್ಟು, ಕೇಳಿಸಿದರೆ ಗುಂಡಿ ಒತ್ತು ಎಂದರು. ಬಲಗಿವಿಯ ಪಾಳಿಯಲ್ಲಿ ಇವನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತೇ ಇದ್ದ. "ಒಂದು ವಾರದಿಂದ ನೆಗಡಿ" ಎಂದು ತಪ್ಪಿಸಿಕೊಂಡ. ಶಿವರಾತ್ರಿಗೆ ಮುಂಚೆ ಇನ್ನೊಂದು ಸಲ ಬಾ, ಅಲ್ಲಿಯವರೆಗೆ ವಿಮಾನ ಮುಟ್ಟಬೇಡ ಎಂದು ಕಳಿಸಿದರು. ದಂಡುಪ್ರದೇಶದಲ್ಲಿ ಗುಟ್ಟಾಗಿ ತೋರಿಸಿದ ಒಬ್ಬ ಡಾಕ್ಟರು, ತಮಟೆಯಲ್ಲಿ ತೂತಿದೆ, ನೀರು ಎಣ್ಣೆ ಒಂದು ಹನಿಯೂ ತಾಗದ ಹಾಗೆ ಒಣಗಿಸಿಟ್ಟುಕೊಂಡರೆ ಒಂದು ಚೂರು ಹೆಚ್ಚು ಕೇಳಿಸಿದರೂ ಕೇಳಿಸಬಹುದು ಎಂದಿದ್ದರು. ಆ ಒಂದು ಚೂರಿಗೆ ಜೋತುಬಿದ್ದು ಗಂಡಹೆಂಡಿರು ಹಳ್ಳಿಗೆ ಬಂದಿದ್ದರು. ಕ್ವಾರ್ಟರ್ಸಿನಲ್ಲಿದ್ದರೆ ಅಕ್ಕಪಕ್ಕವೆಲ್ಲ ಪೈಲಟ್ಟುಗಳ ಮನೆ. ಹಳೆಯ ಕಿವುಡು ಮುಚ್ಚಿಟ್ಟಿದ್ದಾನೆಂದು ಕಂಪನಿಗೆ ತಿಳಿದರೆ ಪರೀಕ್ಷೆಯವರೆಗೂ ಕಾಯುವುದಿಲ್ಲ.

ದಿನಾ ಬೆಳಿಗ್ಗೆ ಹಿತ್ತಲಿನ ಹುಲ್ಲುಬಣವೆಯ ಮರೆಯಲ್ಲಿ ಅಭ್ಯಾಸ ನಡೆಯಿತು. ಅವನು ಎಡಗಿವಿಗೆ ಅರಳೆ ತುರುಕಿಕೊಂಡು ಕೂರುವನು. ಅವಳು ಬಲಗಡೆ ನಿಂತು ಅಂಕಿ ಹೇಳುವಳು.

"ಇಪ್ಪತ್ತೇಳು."

"ಅರವತ್ತೇಳಾ?"

"ಊಹೂಂ."

"ಇನ್ನೊಂದ್ಸಲ ಹೇಳು. ಸ್ವಲ್ಪ ಗಟ್ಟಿಯಾಗಿ."

"ಗಟ್ಟಿಯಾಗಿ ಹೇಳಿದ್ರೆ ಊರಿಗೆಲ್ಲಾ ಕೇಳ್ಸತ್ತೆ ಕಣ್ರೀ."

ಅನುಸೂಯಮ್ಮ ಸಗಣಿಮಂಕರಿ ಹೊತ್ತು ಅಲ್ಲಿಗೇ ಬಂದಳು. "ಏನಪ್ಪಾ ಆಂಜಿನಪ್ಪ, ಮಗ್ಗಿ ಮರ್ತೋಯ್ತಾ? ಹೆಂಡ್ತಿ ಹೇಳ್ಕೊಡ್ತಾವ್ಳೆ" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವನೂ ನಕ್ಕ.

ಆ ಮನೆಯಲ್ಲಿ ಆಂಜಿನಪ್ಪನ ಕೆಲಸವೆಂದರೆ ಬರೀ ಸಂಬಳದ ಮಾತಲ್ಲ. ಮುನಿವೆಂಕಟಪ್ಪ ಜಗಲಿಯ ಮೇಲೆ ಕೂತಿರುವಾಗ ಮೇಲೆ ಗುಯ್ಯೆಂದು ವಿಮಾನ ಹೋದರೆ, ಅದು ಯಾವ ದೇಶದ್ದೇ ಇರಲಿ, "ನಮ್ ಆಂಜಿ ಹೊಂಟ" ಎನ್ನುತ್ತಿದ್ದರು. ಎದುರಿಗೆ ಕೂತವರು ಹೌದೆನ್ನಬೇಕು, ಇಲ್ಲದಿದ್ದರೆ ಕಾಫಿ ಬರುತ್ತಿರಲಿಲ್ಲ. ದೊಡ್ಡ ಮಗ ಗಂಗಣ್ಣ ನಾಲ್ಕನೆಯ ತರಗತಿಗೇ ಪುಸ್ತಕ ಬಿಟ್ಟು ನೇಗಿಲು ಹಿಡಿದಿದ್ದ, ತಮ್ಮ ಓದಲಿ ಎಂದು. ಅದನ್ನು ಅವನು ಯಾವತ್ತೂ ಎತ್ತಿ ಆಡಿದವನಲ್ಲ. ಸುಳ್ಳು ಹೇಳುವವರನ್ನು ಕಂಡರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ತೂಕದಲ್ಲಿ ಸುಳ್ಳಾಡಿದ ಸ್ವಂತ ಸೋದರಮಾವನ ಮನೆಯ ಹೊಸಲು ಹತ್ತು ವರ್ಷದಿಂದ ತುಳಿದಿರಲಿಲ್ಲ.

ಇನ್ನು ಅತ್ತೆ ಪಾಪಮ್ಮ. ಅವರದು ಕೈಗುಣದ ಕೈ ಎಂದು ಸುತ್ತಲಿನ ಹಳ್ಳಿಗೆಲ್ಲ ಹೆಸರು. ಊರಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ಎಣ್ಣೆ ತಿಕ್ಕಿ ನೀರು ಹುಯ್ಯಲು ಅವರೇ ಬೇಕು. ಕಾಲು ನೀಡಿ ಕೂತು, ಮೊಣಕಾಲಿನ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಹರಳೆಣ್ಣೆ ಮುಟ್ಟಿಸಿದರೆ ಅಳುವ ಕೂಸು ಸುಮ್ಮನಾಗುತ್ತಿತ್ತು. ಅದಕ್ಕೆ ಅವರು ಯಾರಿಂದಲೂ ಒಂದು ವೀಳ್ಯದೆಲೆಯನ್ನೂ ಪಡೆದವರಲ್ಲ. ಮಗನಿಗೆ ಏನೋ ಆಗಿದೆ ಎಂದು ಅವರಿಗೆ ಗೊತ್ತಾದದ್ದು ಊಟಕ್ಕೆ ಬಡಿಸುವಾಗ.

"ಇನ್ನೊಂದು ಮುದ್ದೆ ಇಕ್ಲೇನ್ಲಾ?" ಎಂದು ಬಲಗಡೆಯಿಂದ ಕೇಳಿದರು. ಉತ್ತರವಿಲ್ಲ. ಮತ್ತೆ ಕೇಳಿದರು. ಆಗಲೂ ಇಲ್ಲ. ಭಾಗ್ಯ ಅಡಿಗೆಮನೆಯ ಬಾಗಿಲಿಂದ, "ಸಾಕಂತೆ ಅತ್ತೆ, ಹೊಟ್ಟೆ ಭಾರ ಅಂತಿದ್ರು" ಎಂದಳು.

"ನಿನ್ನ ಕೇಳಿದ್ನೇನಮ್ಮ?" ಎಂದರು ಪಾಪಮ್ಮ. ಮಗನ ತಲೆಯನ್ನು ಎರಡು ಕೈಯಲ್ಲೂ ಹಿಡಿದು ಬೆಳಕಿಗೆ ತಿರುಗಿಸಿ ಕಿವಿಯೊಳಗೆ ನೋಡಿದರು. "ಗುಗ್ಗೆ ಕಟ್ಕೊಂಡದೆ. ಎಣ್ಣೆನೀರು ಕಂಡು ಎಷ್ಟು ಕಾಲ ಆಯ್ತೋ ಏನೋ. ಶನಿವಾರ ಆಗ್ಲಿ."

"ಗುಗ್ಗೆ ಇಲ್ಲಮ್ಮ, ಏನೋ ಯೋಚ್ನೇಲಿದ್ದೆ" ಎಂದ ಆಂಜಿನಪ್ಪ.

ಶನಿವಾರ ಹಂಡೆಯಲ್ಲಿ ನೀರು ಕಾದಿತ್ತು. ಬೇಡವೆಂದರೆ ಇನ್ನೂ ಕೆದಕುತ್ತಾರೆ; ತಲೆಗೆ ಎಣ್ಣೆ ಇಡಿಸಿಕೊಂಡು, ನೀರು ಹುಯ್ಯುವ ಹೊತ್ತಿಗೆ ಅರಳೆ ತುರುಕಿಕೊಂಡರಾಯಿತು ಎಂದು ಅವನು ಪಂಚೆ ಸುತ್ತಿಕೊಂಡು ಬಚ್ಚಲಿನ ಮುಂದೆ ಕೂತ. ಪಾಪಮ್ಮ ತಲೆಗೆ ತಟ್ಟಿ ತಟ್ಟಿ ಎಣ್ಣೆ ಇಂಗಿಸಿದರು. ಆ ಕೈಗೆ ಅವನಿಗೆ ಮಂಪರು ಬಂದಿತು. ಎಳೆಯ ಹುಡುಗನ ಹಾಗೆ ತಾಯಿಯ ತೊಡೆಯ ಮೇಲೆ ಎಡಗೆನ್ನೆ ಒತ್ತಿ ಮಲಗಿಬಿಟ್ಟ.

ಕೇಳುವ ಕಿವಿ ಸೀರೆಯ ನೆರಿಗೆಯಲ್ಲಿ ಹುದುಗಿತ್ತು. ಕೇಳದ ಕಿವಿ ಮೇಲಿತ್ತು. ಪಾಪಮ್ಮ ಪಕ್ಕದಲ್ಲಿಟ್ಟುಕೊಂಡಿದ್ದ ಸಣ್ಣ ಸೌಟು ಎತ್ತಿಕೊಂಡರು. ಬೆಳ್ಳುಳ್ಳಿ ಎಸಳು ಹಾಕಿ ಕಾಯಿಸಿದ ಎಣ್ಣೆ. ಮುಂಗೈ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡಿಕೊಂಡರು.

"ಕಿವಿಗೂ ಒಂಚೂರು ಬಿಡ್ತೀನಿ ಕಣ್ಲಾ. ಗುಗ್ಗೆ ಕರಗತ್ತೆ. ಬಿಡ್ಲಾ?"

"ಹೂಂ" ಎಂದ ಆಂಜಿನಪ್ಪ. ಕೇಳಿಸದ ಮಾತಿಗೆಲ್ಲ ಹೂಂ ಎನ್ನುವುದು ಅವನಿಗೆ ಎಷ್ಟೋ ವರ್ಷದ ರೂಢಿ.

ಅಡಿಗೆಮನೆಯಲ್ಲಿ ಒಲೆಯ ಮುಂದಿದ್ದ ಭಾಗ್ಯಳಿಗೆ ಅತ್ತೆಯ ಮಾತು ಸ್ಪಷ್ಟವಾಗಿ ಕೇಳಿಸಿತು. ದಡಕ್ಕನೆ ಎದ್ದಳು. ಕೂಗಬೇಕು. ಏನೆಂದು ಕೂಗುವುದು? ತೂತಿದೆ ಎಂದರೆ ಯಾವಾಗಿನಿಂದ ಎನ್ನುತ್ತಾರೆ. ಜಗಲಿಯ ಮೇಲೆ ಮಾವ ಇದ್ದಾರೆ, ಭಾವ ಇದ್ದಾರೆ, ಬೆಂಗಳೂರಿನ ಏರೋಡ್ರೋಮಿನಲ್ಲಿ ಸಾಮಾನು ಏರಿಸುವ ಕೆಲಸದ ಮುನಿಶಾಮಪ್ಪ ವಾರದ ರಜೆಗೆ ಊರಿಗೆ ಬಂದವನು ಅಲ್ಲೇ ಕೂತು ಹರಟುತ್ತಿದ್ದಾನೆ. ಮಾತು ಬಾಯಿಗೆ ಬಂದು ನಿಂತಿತು. ಅಷ್ಟರಲ್ಲಿ ಗಂಡನ ಚೀತ್ಕಾರ ಕೇಳಿಸಿತು.

ಓಡಿ ಬಂದಾಗ ಅವನು ನೆಲದ ಮೇಲೆ ಕೈಯೂರಿ ವಾಂತಿ ಮಾಡುತ್ತಿದ್ದ. ಏಳಲು ಹೋದ, ಜಗತ್ತೆಲ್ಲ ಸುತ್ತಿತು, ಕಂಬ ಹಿಡಿದು ಜಾರಿ ಬಿದ್ದ. ಪಾಪಮ್ಮ ಸೌಟು ಹಿಡಿದು ನಿಂತೇ ಇದ್ದರು.

"ಬಿಸಿ ಇರ್ಲಿಲ್ಲ ಕಣ್ರೋ. ನನ್ ಕೈ ಮೇಲೆ ಬಿಟ್ ನೋಡಿದ್ದೆ. ಅವ್ನು ಹೂಂ ಅಂದ."

ಮೂರು ದಿನಕ್ಕೆ ಕಿವಿಯಿಂದ ಕೀವು ಬಂತು. ಹೊಸಕೋಟೆಯ ಡಾಕ್ಟರು ಚುಚ್ಚುಮದ್ದು ಹಾಕಿ, ಜೊತೆಗೆ ಬಂದಿದ್ದ ಮುನಿವೆಂಕಟಪ್ಪನವರಿಗೆ, "ಕಿವಿಗೆಲ್ಲಾ ಎಣ್ಣೆ ಯಾಕ್ರೀ ಬಿಡ್ತೀರಾ, ಈ ಕಾಲ್ದಲ್ಲೂ?" ಎಂದು ಗದರಿದರು. ಆ ಗದರಿಕೆಯನ್ನು ಮುನಿವೆಂಕಟಪ್ಪ ಬಸ್ಸಿನಲ್ಲಿ ಕೂತು ಅರೆದು ಅರೆದು ಮನೆಗೆ ತಂದರು. ಸಂಜೆ ಊಟಕ್ಕೆ ಎಲ್ಲರೂ ಕೂತಿದ್ದರು. ಹುರುಳಿಕಟ್ಟಿನ ಸಾರು ತಟ್ಟೆಯಲ್ಲೇ ಆರುತ್ತಿತ್ತು.

"ಹಂಗಂದ್ರೆ ಈಗ ಏನಾಗತ್ಲಾ?" ಎಂದ ಗಂಗಣ್ಣ.

"ಶಿವರಾತ್ರಿಗೆ ಮುಂಚೆ ಕಿವಿ ಪರೀಕ್ಷೆ ಇದೆ. ಆಗ್ಲಿಲ್ಲ ಅಂದ್ರೆ ಲೈಸೆನ್ಸ್ ಹೋಗತ್ತೆ. ವಿಮಾನದ ಹತ್ರಾನೂ ಹೋಗೋ ಹಂಗಿಲ್ಲ."

"ಬೇರೆ ಕೆಲ್ಸ ಕೊಡಲ್ವಾ?"

"ನಮ್ಮಂಥೋರಿಗೆ ಇಲ್ಲ ಅಂದಿದಾರೆ. ಕ್ವಾರ್ಟರ್ಸೂ ಬಿಡ್ಬೇಕು."

ಮುನಿವೆಂಕಟಪ್ಪ ತಟ್ಟೆಯಿಂದ ಕೈ ತೆಗೆದರು. "ಆಂಜಿ, ಒಂದ್ ಮಾತು ಹೇಳು. ಮುಂಚೆ ನಿನ್ ಕಿವಿ ಸರಿಯಾಗಿತ್ತಾ?"

ಭಾಗ್ಯ ಸಾರಿನ ಸೌಟು ಹಿಡಿದು ಗಂಡನನ್ನೇ ನೋಡಿದಳು. ಈಗಲಾದರೂ ಹೇಳಲಿ ದೇವರೇ ಎಂದುಕೊಂಡಳು. ಅವನು ಮುದ್ದೆಯ ಮೇಲೆ ಬೆರಳಿನಿಂದ ಗುಳಿ ಮಾಡುತ್ತಿದ್ದ.

"ಸರಿಯಾಗಿತ್ತಪ್ಪ" ಎಂದ.

ಮುನಿವೆಂಕಟಪ್ಪ ಹೆಂಡತಿಯ ಕಡೆ ತಿರುಗಿದರು. ಕೂಗಲಿಲ್ಲ, ಕೂಗಿದ್ದರೇ ವಾಸಿಯಿತ್ತು. "ಚೀನಾದೋನ ಕೈಲಿ ಆಗ್ಲಿಲ್ಲ, ಪಾಕಿಸ್ತಾನದೋನ ಕೈಲಿ ಆಗ್ಲಿಲ್ಲ. ನೀನು ಒಂದು ಸೌಟಲ್ಲಿ ಮುಗ್ಸಿಬಿಟ್ಟೆಯಲ್ಲೇ, ಪಾಪಿ."

ಪಾಪಮ್ಮ ಎದ್ದು ಕೊಟ್ಟಿಗೆಗೆ ಹೋದರು. ಅಂದು ಅವರು ಊಟ ಮಾಡಲಿಲ್ಲ, ಮಾಡು ಎಂದು ಯಾರೂ ಹೇಳಲಿಲ್ಲ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಆದದ್ದನ್ನು ಜಗಳ ಎನ್ನುವ ಹಾಗಿಲ್ಲ. ಮುನಿವೆಂಕಟಪ್ಪ ಬೆಳಗಿನ ಕಾಫಿಯನ್ನು ಸೊಸೆಯಂದಿರ ಕೈಯಿಂದ ಮಾತ್ರ ತೆಗೆದುಕೊಂಡರು. ಪಾಪಮ್ಮ ಚೊಂಬು ನೀಡಿದರೆ, "ಅಲ್ಲಿಡು" ಎನ್ನುತ್ತಿದ್ದರು; ಇಟ್ಟ ಚೊಂಬು ಇಟ್ಟಲ್ಲೇ ಇರುತ್ತಿತ್ತು. ಗಂಗಣ್ಣ ತಾಯಿಯನ್ನು ಬೈಯಲಿಲ್ಲ, ಆದರೆ ಶನಿವಾರ ಬಂದರೆ ತನ್ನ ಮಕ್ಕಳನ್ನು ಬೆಳಿಗ್ಗೆಯೇ ತೋಟಕ್ಕೆ ಕರೆದುಕೊಂಡು ಹೋಗಿಬಿಡುತ್ತಿದ್ದ. ಸುದ್ದಿ ಊರಿಗೆ ಹಬ್ಬಲು ಎರಡು ದಿನ ಸಾಕಾಯಿತು. ಎದುರುಮನೆ ಅಶ್ವತ್ಥಮ್ಮನ ಮಗಳು ಬಾಣಂತನಕ್ಕೆ ಬಂದಿದ್ದಳು. ದಿನಾ ಹೊತ್ತಿಗೆ ಸರಿಯಾಗಿ ಪಾಪಮ್ಮ ಹೋಗಿ ಕೂಸಿಗೆ ನೀರು ಹುಯ್ದು ಬರುತ್ತಿದ್ದರು. ಒಂದು ಬೆಳಿಗ್ಗೆ ಅಶ್ವತ್ಥಮ್ಮ ತಾನೇ ಬಂದು ಬಾಗಿಲಲ್ಲಿ ನಿಂತಳು.

"ಪಾಪಕ್ಕ, ಕೂಸಿಗೆ ವಸಿ ಶೀತ. ನಾಲ್ಕ್ ದಿನ ನೀರು ಬ್ಯಾಡ ಅಂತ."

"ಆಗ್ಲಿ ಕಣಮ್ಮ" ಎಂದರು ಪಾಪಮ್ಮ.

ಅದೇ ಹೊತ್ತಿಗೆ ಎದುರುಮನೆ ಬಚ್ಚಲಿನಿಂದ ಕೂಸು ಅಳುವುದೂ ನೀರು ಹುಯ್ಯುವ ಸದ್ದೂ ಕೇಳಿಸಿತು. ಬೇರೆ ಯಾರೋ ಹುಯ್ಯುತ್ತಿದ್ದರು. ಅಶ್ವತ್ಥಮ್ಮನ ಮುಖ ಕೆಂಪಾಯಿತು. ಅನುಸೂಯಮ್ಮ ಪೊರಕೆ ಹಿಡಿದವಳು ಹಾಗೇ ಬಾಗಿಲಿಗೆ ಬಂದಳು.

"ನಮ್ಮತ್ತೆನ ಬೈಯಕ್ಕೆ ನಾನಿದೀನಿ ಅಶ್ವತ್ಥಕ್ಕ. ನೀವ್ ಹೋಗಿ. ನಿಮ್ ಮೂರು ಮಕ್ಳೂ ಇವ್ರ ಕಾಲ್ ಮೇಲೇ ಬೆಳೆದಿದ್ದು."

ಅತ್ತೆಗೆ ಅಷ್ಟು ಪರವಹಿಸಿದವಳು, ಒಳಗೆ ಹೋದ ಮೇಲೆ, "ಆದ್ರೂ ಅತ್ತೆ, ಕೇಳಿ ಮಾಡ್ಬಾರ್ದಿತ್ತಾ" ಎಂದಳು. ಪಾಪಮ್ಮ, "ಕೇಳ್ದೆ ಕಣಮ್ಮ" ಎಂದಷ್ಟೇ ಹೇಳಿ ಮೊರ ತೆಗೆದುಕೊಂಡು ರಾಗಿ ಕೇರಲು ಕೂತರು. ಕೇರಿದಷ್ಟೂ ರಾಗಿ ನೆಲಕ್ಕೆ ಚೆಲ್ಲುತ್ತಿತ್ತು. ಭಾಗ್ಯಳಿಗೆ ತಡೆಯಲಾಗಲಿಲ್ಲ. ಹಿತ್ತಲಿಗೆ ಹೋಗಿ ಗಂಡನ ಎಡಗಡೆ ನಿಂತಳು.

"ಹೇಳ್ಬಿಡ್ರೀ. ನಿಮ್ಗೆ ಕೈ ಮುಗೀತೀನಿ."

"ಪರೀಕ್ಷೆ ಒಂದು ಮುಗೀಲಿ."

"ಅಲ್ಲೀವರ್ಗೂ ಅವ್ರು ಬದುಕಿರ್ಬೇಕಲ್ಲ. ಮೂರು ಹೊತ್ತು ನೀರು ಕುಡ್ಕೊಂಡಿದಾರೆ."

"ಮುನಿಶಾಮಪ್ಪ ಪ್ರತಿ ವಾರ ಬರ್ತಾನೆ. ಅಪ್ಪನಿಗೆ ಹೇಳಿದ್ರೆ ಅಪ್ಪ ಜಗಲೀಲಿ ಹೇಳ್ತಾರೆ. ಜಗಲೀಲಿ ಹೇಳಿದ್ದು ಸೋಮವಾರ ಏರೋಡ್ರೋಮಲ್ಲಿರತ್ತೆ. ಪಾಸಾದ್ರೆ ಎಲ್ಲಾ ತಾನೇ ಸರಿಹೋಗತ್ತೆ. ಅಮ್ಮನಿಗೂ ಯಾರೂ ಏನೂ ಅನ್ನಲ್ಲ."

"ಪಾಸಾಗ್ತೀರಾ?"

ಅವನು ಬಣವೆಯಿಂದ ಒಂದು ಹುಲ್ಲುಕಡ್ಡಿ ಎಳೆದ.

"ಪಾಸಾದ್ರೂ ನಂಗೆ ಭಯ ಕಣ್ರೀ. ಹಿಂದ್ಗಡೆ ಅಷ್ಟು ಜನ ಕೂತಿರ್ತಾರೆ, ಮಕ್ಳು ಮರಿ ಕಟ್ಕೊಂಡು."

"ಹತ್ತು ವರ್ಷದಲ್ಲಿ ವಿಮಾನದ ರೇಡಿಯೋಲಿ ಬಂದ ಒಂದು ಮಾತು ತಪ್ಪಿಸ್ಕೊಂಡಿಲ್ಲ ನಾನು. ಒಂದೇ ಒಂದು!" ಎಂದು ಅವನು ಕಿರುಚಿದ. ಆಮೇಲೆ ಬಣವೆಗೆ ಒರಗಿ ಕುಸಿದು ಕೂತ. "ನಂಗೆ ಬೇರೇನೂ ಬರಲ್ಲ ಭಾಗ್ಯ. ನೇಗ್ಲು ಹಿಡಿಯಕ್ಕೂ ಬರಲ್ಲ. ಅಣ್ಣ ಹಿಡಿಯೋಕೇ ಬಿಡ್ಲಿಲ್ಲ."

ಭಾಗ್ಯಳಿಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಎರಡೂ ಒಟ್ಟಿಗೇ ಬಂದದ್ದರಿಂದ ಅವಳು ಏನೂ ಮಾಡಲಿಲ್ಲ. ನಾನೇ ಹೇಳಿಬಿಡುತ್ತೇನೆ ಎಂದು ದಿನಾ ಬೆಳಿಗ್ಗೆ ಅಂದುಕೊಂಡಳು, ದಿನಾ ಸಂಜೆ ನಾಳೆ ಎಂದುಕೊಂಡಳು. ಹಾಗೇ ಶಿವರಾತ್ರಿ ಹತ್ತಿರ ಬಂತು. ಕೀವು ಒಣಗಿತು, ತಲೆಸುತ್ತು ನಿಂತಿತು.

ಪರೀಕ್ಷೆಯ ದಿನ ಬೆಂಗಳೂರಿಗೆ ಹೊರಟಾಗ ಪಾಪಮ್ಮ ಸೀರೆ ಬದಲಾಯಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನೀನೆಲ್ಲಿಗೆ?" ಎಂದರು ಮುನಿವೆಂಕಟಪ್ಪ. ಅಲ್ಲಿಡು ಎಂಬುದನ್ನು ಬಿಟ್ಟರೆ ಎಷ್ಟೋ ದಿನದ ಮೇಲೆ ಹೆಂಡತಿಗೆ ಅವರು ಹೇಳಿದ ಮೊದಲ ಮಾತು ಅದು.

"ನಾನೂ ಹೋಗ್ತೀನಿ. ಡಾಕ್ಟ್ರನ್ನ ಒಂದ್ ಮಾತು ಕೇಳ್ಬೇಕು."

ಬೇಡ ಎಂದು ಆಂಜಿನಪ್ಪ ಎರಡು ಸಲ ಹೇಳಿದ. ಅವರು ಬಸ್ಸು ಹತ್ತಿ ಕೂತುಬಿಟ್ಟಿದ್ದರು.

ಆಸ್ಪತ್ರೆಯ ಕೋಣೆಯಲ್ಲಿ ಯಂತ್ರದ ಕೆಲಸ ಬೇಗ ಮುಗಿಯಿತು. ಅಷ್ಟು ದಿನದ ಅಭ್ಯಾಸ ಯಾವ ಮೂಲೆಗೂ ಸಾಲಲಿಲ್ಲ. ಡಾಕ್ಟರು ಉತ್ತರದ ಕಡೆಯ ವಯಸ್ಸಾದವರು, ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಹೊರಗಿದ್ದ ಹೆಂಗಸರನ್ನು ಒಳಗೆ ಕರೆಸಿ, ಲೈಸೆನ್ಸು ಇನ್ನು ಸಿಗುವುದಿಲ್ಲ ಎಂದು ನಿಧಾನವಾಗಿ ಹೇಳಿದರು. ಎಸ್ಸೆಸ್ಸೆಲ್ಸಿ ಮಾಡಿದ್ದ ಭಾಗ್ಯಳಿಗೆ ಅರ್ಥವಾಯಿತು. ಪಾಪಮ್ಮನವರಿಗೆ ಮಗನ ಮುಖ ನೋಡಿಯೇ ಅರ್ಥವಾಯಿತು. ಅವರು ಮೇಜಿನ ಹತ್ತಿರ ಹೋಗಿ, ಸೆರಗು ಸರಿಸಿ, ತಮ್ಮ ಕಿವಿಯನ್ನು ಹಿಡಿದು ತೋರಿಸಿದರು.

"ಸ್ವಾಮಿ, ನಂದು ಚೆನ್ನಾಗ್ ಕೇಳ್ಸತ್ತೆ. ಇದನ್ನ ತೆಗ್ದು ಅವ್ನಿಗೆ ಹಾಕಿ. ನಾನೇ ಹಾಳು ಮಾಡಿದ್ದು. ನಂಗಿನ್ನೇನು ಕೇಳ್ಬೇಕಾಗಿದೆ."

ಆಕೆ ಏನು ಹೇಳುತ್ತಿದ್ದಾಳೆ ಎಂದು ಡಾಕ್ಟರು ಕೇಳಿದರು. ಭಾಗ್ಯ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಣ್ಣೆಯಿಂದ ಸ್ವಲ್ಪ ದಿನ ಕೀವಾಗಿತ್ತು, ಅದು ವಾಸಿಯಾಗಿದೆ ಎಂದು ಆಕೆಗೆ ತಿಳಿಸಿ. ಈ ಗಾಯ ಹತ್ತು ವರ್ಷಕ್ಕೂ ಹಳೆಯದು, ಆ ಕಿವಿ ಎಂದೋ ಹೋಗಿತ್ತು, ಆಕೆಯ ತಪ್ಪು ಏನೂ ಇಲ್ಲ ಎಂದರು. ಇಷ್ಟು ಕಾಲ ಹೇಗೆ ಪಾಸಾದೆಯಪ್ಪ ಎಂದು ಆಂಜಿನಪ್ಪನನ್ನು ಕೇಳಿದರು.

"ಏನಂದ್ರು?" ಎಂದರು ಪಾಪಮ್ಮ.

"ಏನಿಲ್ಲಮ್ಮ, ನಡಿ" ಎಂದ ಮಗ.

ಹೊರಗೆ ಬೆಂಚಿನ ಮೇಲೆ ಅತ್ತೆಯನ್ನು ಕೂರಿಸಿ ಭಾಗ್ಯ ಎಲ್ಲವನ್ನೂ ಹೇಳಿದಳು. ಲೇಹ್, ನೆಗಡಿ, ಬೆರಳು ತಾಗಿಸಿಕೊಂಡದ್ದು, ಹಿತ್ತಲಿನ ಅಂಕಿಗಳು, ಎಲ್ಲ. ಆಂಜಿನಪ್ಪ ಸ್ವಲ್ಪ ದೂರದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಹೇಳಿ ಮುಗಿಸಿದಾಗ ಎದೆಯ ಮೇಲಿನ ಭಾರ ಇಳಿಯುತ್ತದೆ ಎಂದುಕೊಂಡಿದ್ದಳು. ಇಳಿಯಲಿಲ್ಲ.

"ನಿಂಗೆ ಯಾವಾಗಿಂದ ಗೊತ್ತಿತ್ತು?" ಎಂದರು ಪಾಪಮ್ಮ.

"ಮದ್ವೆ ಆದಾಗಿಂದ ಅತ್ತೆ."

"ಆವತ್ತು ನಾನು ಎಣ್ಣೆ ಬಿಡ್ಲಾ ಅಂತ ಕೇಳ್ದಾಗ ನೀನು ಒಳಗೇ ಇದ್ದೆ."

"ಹೂಂ."

"ಆಮೇಕೆ ಯಾರೂ ನನ್ ಕೈಲಿ ನೀರು ಇಸ್ಕೊಳ್ದೆ ಇದ್ದಾಗ್ಲೂ ಇದ್ದೆ. ದಿನಾ ನನ್ ಜತೇಲೇ ಕಾಳು ಹಿದುಕ್ತಿದ್ದೆ."

ಭಾಗ್ಯ ಅತ್ತೆಯ ಕಾಲು ಹಿಡಿದಳು. ಪಾಪಮ್ಮ ಕಾಲು ಎಳೆದುಕೊಂಡರು. ಅವಳನ್ನು ಬೈಯಲಿಲ್ಲ, ಮಗನನ್ನು ಕರೆಯಲೂ ಇಲ್ಲ. ತಮ್ಮ ಅಂಗೈಗಳನ್ನೇ ನೋಡಿಕೊಂಡು ಹೇಳಿದರು:

"ಮನೇಲಿ ಇದನ್ನ ಹೇಳ್ಬೇಡಿ. ಎಣ್ಣೆಯಿಂದ್ಲೇ ಹೋಯ್ತು ಅನ್ನಿ."

"ಅತ್ತೆ! ಯಾಕತ್ತೆ? ಇನ್ನೇನಕ್ಕೆ? ಊರೋರು ನಿಮ್ಮ ಕೈಗೆ ಒಂದು ಕೂಸು ಕೊಡಲ್ಲ ಇನ್ನ."

"ಕೊಡಲ್ಲ. ನಂಗೊತ್ತಿಲ್ವಾ?" ಪಾಪಮ್ಮ ದನಿ ತಗ್ಗಿಸಿದರು. "ಇವತ್ತು ಇವ್ನ ಕೆಲ್ಸ ಹೋಯ್ತು. ನಾಳೆಯಿಂದ ಇವ್ನು ಉಣ್ಣೋದು ಗಂಗಣ್ಣನ ಬೆವರು. ಅಮ್ಮನಿಂದ ಕಿವಿ ಕಳ್ಕೊಂಡ ತಮ್ಮನಿಗೆ ಗಂಗಣ್ಣ ಜೀವ ಇರೋವರ್ಗೂ ಮುದ್ದೆ ಇಕ್ತಾನೆ. ಸುಳ್ಳು ಹೇಳಿ ಅಮ್ಮನ ತಲೆ ಮೇಲೆ ಹಾಕ್ದೋನಿಗೆ ಒಂದು ತುತ್ತು ಇಕ್ತಾನಾ? ಮನೆ ಅವತ್ತೇ ಎರಡಾಗತ್ತೆ. ಅವ್ರಪ್ಪ ಆ ಜಗಲಿ ಮೇಲೇ ಎದೆ ಒಡ್ಕೊಂಡು ಸಾಯ್ತಾರೆ. ನನ್ನ ಬೈದು ಎಲ್ರಿಗೂ ಅಭ್ಯಾಸ ಆಗೋಗಿದೆ. ಹಂಗೇ ಇರ್ಲಿ."

"ನನ್ ಕೈಲಾಗಲ್ಲ ಅತ್ತೆ."

"ಇಷ್ಟು ದಿನ ಆಯ್ತಲ್ಲ."

ಮೂವರೂ ಹೊಸಕೋಟೆಯ ಬಸ್ಸು ಹಿಡಿದು, ಅಲ್ಲಿಂದ ಜಡಿಗೇನಹಳ್ಳಿಯ ಬಸ್ಸು ಹಿಡಿದು ಊರು ಸೇರಿದರು.

ಜಗಲಿಯ ಮೇಲೆ ಅಪ್ಪನೂ ಗಂಗಣ್ಣನೂ ಕಾಯುತ್ತಿದ್ದರು. "ಏನಾಯ್ತಲಾ?" ಎಂದು ಮುನಿವೆಂಕಟಪ್ಪ ಎದ್ದರು. ಆಂಜಿನಪ್ಪ ಬಾಯಿ ತೆರೆದ. ಏನು ಹೇಳಲು ತೆರೆದನೋ, ಪಾಪಮ್ಮ ಅವನಿಗಿಂತ ಮುಂದೆ ಬಂದರು.

"ಹೋಯ್ತಂತೆ. ನನ್ ಎಣ್ಣೆಯಿಂದ್ಲೇ ಅಂತೆ. ಡಾಕ್ಟ್ರೇ ಹೇಳಿದ್ರು."

ಮುನಿವೆಂಕಟಪ್ಪ ಹೆಗಲ ಮೇಲಿನ ಟವಲು ಎಳೆದು ಮುಖ ಮುಚ್ಚಿಕೊಂಡು ಕೂತರು. ಗಂಗಣ್ಣ ತಾಯಿಯ ಕಡೆ ನೋಡಲಿಲ್ಲ. ಜಗಲಿಯಿಂದಿಳಿದು ಬಂದು ತಮ್ಮನ ಕೈಯಲ್ಲಿದ್ದ ಚೀಲ ತೆಗೆದುಕೊಂಡ, ಹೆಗಲ ಮೇಲೆ ಕೈ ಹಾಕಿದ.

"ಬಾರ್ಲಾ ಒಳಕ್ಕೆ. ಹೋದ್ರೆ ಹೋಯ್ತು ಬಿಡು. ನಾನ್ ಸತ್ತಿಲ್ಲ ಇನ್ನ."

ಆಂಜಿನಪ್ಪ ಅಣ್ಣನ ಭುಜಕ್ಕೆ ತಲೆಯಾನಿಸಿ ಬಿಕ್ಕಿ ಬಿಕ್ಕಿ ಅತ್ತ. ಎಲ್ಲರೂ ಅದನ್ನು ಕೆಲಸ ಹೋದ ದುಃಖವೆಂದುಕೊಂಡರು. ಅನುಸೂಯಮ್ಮ ಕಣ್ಣೊರೆಸಿಕೊಂಡು ಕಾಲಿಗೆ ನೀರು ಕೊಟ್ಟಳು. ಪಾಪಮ್ಮ ತಾವೇ ತೊಟ್ಟಿಯಲ್ಲಿ ಮೊಗೆದುಕೊಂಡು ಕಾಲು ತೊಳೆದು, ಹಸುವಿಗೆ ಹುಲ್ಲು ಹಾಕಲು ಕೊಟ್ಟಿಗೆಯ ಕಡೆ ಹೋದರು.

ಗಂಗಣ್ಣ ತಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡ. ಭಾಗ್ಯ ಮುದ್ದೆ ಬಡಿಸಿ, ಸೊಪ್ಪಿನ ಸಾರು ಬಿಟ್ಟಳು. ಆಂಜಿನಪ್ಪ ತಲೆ ತಗ್ಗಿಸಿ, ಮುರಿದು, ಅದ್ದಿ, ನುಂಗಿದ. ಹಸಿದಿದ್ದ.

"ಇನ್ನೊಂದಿಕ್ಕಮ್ಮ ಅವ್ನಿಗೆ" ಎಂದ ಗಂಗಣ್ಣ.

ಭಾಗ್ಯ ಇಕ್ಕಿದಳು.